ಐದಡಿ ಆರಿಂಚು

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ದರ್ಜಿ ಬೊಜೆನಾ ಹ್ರುಷ್ಕಾಗೆ ಮಾತಾಡುವ ಹಾಗಿರಲಿಲ್ಲ. ಅದೇ ವಾಸಿ ಅನ್ನಿಸಿತು ಅವಳಿಗೆ. ಮರದ ಮಣೆಯ ಮೇಲೆ ಹಸಿರು ಸ್ಯಾಟಿನ್ ಗೌನು ತೊಟ್ಟು ನಿಂತಿದ್ದ ವರ್ನಾ ಸ್ಟಾಡರ್ಡ್ ಇಬ್ಬರ ಪಾಲಿನದನ್ನೂ ಒಬ್ಬಳೇ ಮಾತಾಡುತ್ತಿದ್ದಳು.

"ಸೊಂಟದ ಹತ್ರ ಇನ್ನೂ ಸ್ವಲ್ಪ ಬಿಗಿ ಮಾಡಮ್ಮ ಬೊಜೆನಾ. ಕೊಲಂಬಸ್ ಊರಿನ ಸಮ್ಮೇಳನದಲ್ಲಿ ಎಂಟುನೂರು ಜನ ಹೆಂಗಸರು ಸೇರ್ತಾರೆ. ಅಷ್ಟೂ ಜನರ ಕಣ್ಣು ನನ್ನ ಸೊಂಟದ ಮೇಲೇ ಇರತ್ತೆ."

"ಹೂಂ," ಎಂದಳು ಬೊಜೆನಾ ಸೂಜಿಗಳ ಸಂದಿಯಿಂದ.

'ಹಗುರ ಹೆಜ್ಜೆ' ಎನ್ನುವುದು ತೂಕ ಇಳಿಸಿಕೊಳ್ಳುವ ಹೆಂಗಸರ ಸಂಘ. ಅಮೆರಿಕದ ಓಹಾಯೋ ರಾಜ್ಯದ ಆ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಅದರ ಶಾಖೆಯನ್ನು ಶುರು ಮಾಡಿದವಳೂ ಒಂಬತ್ತು ವರ್ಷದಿಂದ ನಡೆಸಿಕೊಂಡು ಬಂದವಳೂ ವರ್ನಾ ಸ್ಟಾಡರ್ಡ್. ತನಗೆ ನಿಗದಿಯಾದ ತೂಕಕ್ಕೆ ಇಳಿದು, ಮೂರು ವರ್ಷ ಒಂದು ಪೌಂಡೂ ಏರದೆ ಉಳಿದವಳಿಗೆ ರಾಜ್ಯದ ಸಮ್ಮೇಳನದಲ್ಲಿ ಕಿರೀಟ ತೊಡಿಸುವುದು ಸಂಘದ ಪದ್ಧತಿ. ೧೯೬೭ರ ಕಿರೀಟ ವರ್ನಾಳದೆಂದು ಪತ್ರ ಬಂದಿತ್ತು. ಸಮ್ಮೇಳನಕ್ಕೆ ಉಳಿದಿದ್ದದ್ದು ಎರಡು ವಾರ.

ವರ್ನಾಳ ಗಂಡ ಎಡ್ ಬೊಜೆನಾಳ ಅಡುಗೆಮನೆಯಲ್ಲಿ ಕುಳಿತು ಅಕ್ರೋಟದ ಸಿಹಿ ಸುರುಳಿಯ ಮೂರನೇ ಹೋಳು ತಿನ್ನುತ್ತಿದ್ದ. ಅವನು ಕೂತ ಕುರ್ಚಿ ಆಗಾಗ ನರಳುತ್ತಿತ್ತು.

"ನಮ್ಮ ಎಡ್‌ನ ನೋಡು," ಎಂದಳು ವರ್ನಾ. "ಆರಡಿ ಆಳು. ಗಂಡಸರಿಗೆ ಐದಡಿಗೆ ನೂರಾ ಆರು ಪೌಂಡು, ಅದರ ಮೇಲೆ ಇಂಚಿಗೆ ಆರಾರು. ಅಲ್ಲಿಗೆ ನೂರಾ ಎಪ್ಪತ್ತೆಂಟು ಇರಬೇಕು. ಇರೋದು ಇನ್ನೂರಾ ನಲವತ್ತು. ಆದರೆ ಗಂಡಸರನ್ನ ಯಾರು ಕೇಳ್ತಾರೆ ಹೇಳು? ನಮಗೆ ಹಾಗಲ್ಲ. ಐದಡಿಗೆ ನೂರು, ಇಂಚಿಗೆ ಐದೈದು. ಐದಡಿ ಆರಿಂಚಿಗೆ ನೂರಾ ಮೂವತ್ತು. ನಾನು ನೂರಾ ಇಪ್ಪತ್ತೊಂಬತ್ತು. ಒಂದು ಪೌಂಡು ಕಮ್ಮೀನೇ!"

ಬೊಜೆನಾಗೆ ಆ ಲೆಕ್ಕ ಬಾಯಿಪಾಠವಾಗಿತ್ತು. ಅವಳ ಮಗಳು ಟೆರೆಜಾಳನ್ನು ಸಂಘಕ್ಕೆ ಸೇರಿಸಿದ ದಿನವೇ ವರ್ನಾ ಅದನ್ನು ಗಟ್ಟಿಯಾಗಿ ಒಪ್ಪಿಸಿದ್ದಳು.

ಸೇರಿಸಿದವಳು ಬೊಜೆನಾಳೇ. ಟೆರೆಜಾಗೆ ಆಗ ಹದಿನಾರು. ನೂರಾ ಅರವತ್ತೆಂಟು ಪೌಂಡಿನ, ಬೇಗ ನಗುವ, ಚರ್ಚಿನ ಮೇಳದಲ್ಲಿ ಎಲ್ಲರಿಗಿಂತ ಮೇಲಿನ ದನಿಯಲ್ಲಿ ಹಾಡುವ ಹುಡುಗಿ. ಶಾಲೆಯ ವಾರ್ಷಿಕ ನೃತ್ಯಕ್ಕೆ ಯಾರೂ ಕರೆಯಲಿಲ್ಲವೆಂದು ಒಂದು ಸಂಜೆ ಅತ್ತಳು. ತಾಯಿಗೆ ತಡೆಯಲಾಗಲಿಲ್ಲ. ಮುಂದಿನ ಗುರುವಾರವೇ ಕೈಹಿಡಿದು, ಸಂಘ ಸೇರುವ ಚರ್ಚಿನ ನೆಲಮಾಳಿಗೆಗೆ ಕರೆದೊಯ್ದಳು. ವರ್ನಾ ಹುಡುಗಿಯ ಚಪ್ಪಲಿ ಬಿಡಿಸಿ, ತೂಕದ ಯಂತ್ರದ ಬೆನ್ನಿಗಿದ್ದ ಕಬ್ಬಿಣದ ಸಲಾಕೆಗೆ ನಿಲ್ಲಿಸಿ ಎತ್ತರ ಅಳೆದಳು. ಐದಡಿ ನಾಲ್ಕೂವರೆ ಇಂಚು ಬಂತು. ಪುಸ್ತಕದಲ್ಲಿ ನಾಲ್ಕು ಎಂದು ಬರೆದಳು.

"ಅರ್ಧ ಇಂಚು?" ಎಂದು ಕೇಳಿದ್ದಳು ಬೊಜೆನಾ.

"ಅರ್ಧ ಇಂಚು ಅಂದ್ರೆ ಎರಡೂವರೆ ಪೌಂಡು ಕೊಬ್ಬು ಕಣಮ್ಮ. ಅದನ್ನ ಪುಕ್ಕಟೆ ಕೊಡೋಕೆ ನಾವೇನು ಧರ್ಮಛತ್ರ ಇಟ್ಟಿಲ್ಲ," ಎಂದು ವರ್ನಾ ನಕ್ಕಿದ್ದಳು. ಸುತ್ತಲಿದ್ದವರೂ ನಕ್ಕರು. ಬೊಜೆನಾಳೂ ನಕ್ಕಿದ್ದಳು.

ನೆಲಮಾಳಿಗೆಯ ಮೂಲೆಯಲ್ಲಿ ಮೊಣಕಾಲೆತ್ತರದ ಬಿಳಿ ಬೇಲಿ ಕಟ್ಟಿ ಒಳಗೆ ಮೂರು ಕುರ್ಚಿ ಹಾಕಿದ್ದರು. ಅದರ ಹೆಸರು ಹಂದಿಗೂಡು. ಆ ವಾರಕ್ಕೆಂದು ಒಪ್ಪಿಕೊಂಡ ತೂಕಕ್ಕೆ ಇಳಿಯದವರು ಗುಲಾಬಿ ಬಣ್ಣದ ರಟ್ಟಿನ ಮೂತಿಯನ್ನು ಮೂಗಿಗೆ ಕಟ್ಟಿಕೊಂಡು ಅದರೊಳಗೆ ಕೂರಬೇಕು, ಉಳಿದವರು ಸುತ್ತ ನಿಂತು ಹಾಡಬೇಕು. ದೊಡ್ಡ ಹೆಂಗಸರು ಅದನ್ನು ತಮಾಷೆ ಮಾಡಿಕೊಂಡು ನುಂಗಿಬಿಡುತ್ತಿದ್ದರು. ಟೆರೆಜಾ ಸಾಲಾಗಿ ಎಂಟು ಗುರುವಾರ ಕೂತಳು. ಒಂಬತ್ತನೆಯ ವಾರ ತಿನ್ನುವುದನ್ನೇ ಬಿಟ್ಟಳು. ಬೆಳಿಗ್ಗೆ ಒಂದು ಬೇಯಿಸಿದ ಮೊಟ್ಟೆ, ಮಿಕ್ಕಂತೆ ಬರೀ ಕಾಫಿ ಡಿಕಾಕ್ಷನ್. ಅಮ್ಮನಿಗೆ ಗೊತ್ತಾಗದಿರಲೆಂದು ಊಟವನ್ನು ಕಾಗದದಲ್ಲಿ ಸುತ್ತಿ ಶಾಲೆಯ ಹಿಂದೆ ಎಸೆಯುತ್ತಿದ್ದಳಂತೆ. ಶನಿವಾರದ ಕೆಲಸಕ್ಕೆಂದು ಹೋಗುತ್ತಿದ್ದ ಅಂಗಡಿಯಲ್ಲಿ ಒಂದು ಮಧ್ಯಾಹ್ನ ನಿಂತಲ್ಲೇ ಕುಸಿದಳು. ಗಾಜಿನ ಪೆಟ್ಟಿಗೆಯ ಅಂಚಿಗೆ ಮುಖ ಬಡಿದು ಮುಂದಿನ ಎರಡು ಹಲ್ಲು ಮುರಿದವು. ಆಸ್ಪತ್ರೆಯಲ್ಲಿ ಆರು ದಿನ ಇದ್ದಳು.

ಐದನೆಯ ದಿನ ಆಸ್ಪತ್ರೆಗೆ ಒಂದು ಲಕೋಟೆ ಬಂತು. ಒಳಗೆ ಬಂಗಾರದ ಬಣ್ಣದ ಕಾಗದದ ನಕ್ಷತ್ರ. ಹಿಂದೆ ವರ್ನಾಳ ದುಂಡಗಿನ ಅಕ್ಷರ: 'ಒಂಬತ್ತು ಪೌಂಡು ಇಳಿದಿದ್ದೀಯೆಂದು ನರ್ಸ್ ಹೇಳಿದರು. ಈ ವಾರದ ತಾರೆ ನೀನೇ. ನೋಡಿದೆಯಾ, ಮನಸ್ಸು ಮಾಡಿದರೆ ಆಗುತ್ತದೆ!'

ಆಮೇಲೆ ಟೆರೆಜಾ ಅಂಗಡಿಗೂ ಹೋಗಲಿಲ್ಲ, ಮೇಳಕ್ಕೂ ಹೋಗಲಿಲ್ಲ. ಶಾಲೆಯಿಂದ ಬಂದವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಇಷ್ಟಾದ ಮೇಲೂ ಬೊಜೆನಾ ಗುರುವಾರದ ಸಭೆ ತಪ್ಪಿಸಲಿಲ್ಲ. ತನ್ನ ಐದಾರು ಪೌಂಡನ್ನು ಏರಿಸುತ್ತ ಇಳಿಸುತ್ತ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ವರ್ನಾ ಗೌನು ಹಿಡಿದು ಬಂದಾಗ ಇಲ್ಲವೆನ್ನಲೂ ಇಲ್ಲ. ಯಾಕೆಂದು ಗಂಡ ಕೇಳಿದ. "ಕೈಗೆ ಸಿಗ್ತಾಳೆ ಅಂತ," ಎಂದಿದ್ದಳು. ಕೈಗೆ ಸಿಕ್ಕರೆ ಏನು ಮಾಡುವುದೆಂದು ಅವಳಿಗೂ ಗೊತ್ತಿರಲಿಲ್ಲ.

"ಕನ್ನಡೀಲಿ ನೋಡ್ಕೋತೀನಿ," ಎಂದು ವರ್ನಾ ಮಣೆಯಿಂದ ಇಳಿದಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಬೂಟಿನ ಎತ್ತರದ ಹಿಮ್ಮಡಿಯ ಚೂಪು ತುದಿ ಗೌನಿನ ಅಂಚಿಗೆ ಸಿಕ್ಕಿಕೊಂಡಿತು.

ಬೊಜೆನಾ ಸೂಜಿಗಳನ್ನು ಅಂಗೈಗೆ ಉಗಿದಳು. "ಅಲ್ಲಾಡಬೇಡಿ! ಬಟ್ಟೆ ಹರಿಯತ್ತೆ. ಬೂಟು ಬಿಟ್ಟು ಬನ್ನಿ."

ಒಂಬತ್ತು ವರ್ಷದಲ್ಲಿ ವರ್ನಾ ಸ್ಟಾಡರ್ಡ್‌ಳನ್ನು ಆ ಎತ್ತರದ ಬೂಟುಗಳಿಲ್ಲದೆ ನೋಡಿದವರು ಊರಲ್ಲಿ ಯಾರೂ ಇರಲಿಲ್ಲ. ಸ್ಯಾಟಿನ್ ಹರಿದೀತೆಂಬ ಭಯಕ್ಕೆ ಅವಳು ಯೋಚಿಸದೆ ಎರಡೂ ಪಾದ ಹೊರಗೆಳೆದಳು. ಗೌನಿನ ಅಂಚು ನೆಲದ ಮೇಲೆ ಹರಡಿತು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಎಡ್, ಸಾಕು ತಿಂದಿದ್ದು, ಕಾರು ತೆಗಿ," ಎಂದು ಒಳಗೆ ಕೂಗಿದಳು.

ಬಾಗಿಲ ಚೌಕಟ್ಟಿನ ಮೇಲೆ ಟೆರೆಜಾಳ ಎರಡನೇ ವರ್ಷದಿಂದ ಎಳೆದ ಪೆನ್ಸಿಲ್ ಗೆರೆಗಳಿದ್ದವು. ಎಲ್ಲಕ್ಕಿಂತ ಮೇಲಿನದು ಹದಿನಾರನೆಯ ವರ್ಷದ್ದು. ವರ್ನಾಳ ಎತ್ತಿ ಬಾಚಿ ಸ್ಪ್ರೇ ಹೊಡೆದ ಕೂದಲು ಆ ಗೆರೆಯನ್ನು ದಾಟಿ ನಿಂತಿತ್ತು. ಇಪ್ಪತ್ತು ವರ್ಷದಿಂದ ಮೈ ಅಳೆಯುವುದನ್ನೇ ಕಸುಬು ಮಾಡಿಕೊಂಡಿದ್ದ ಬೊಜೆನಾ ಕೂದಲನ್ನು ಕಳೆದು ಬರೀ ತಲೆಬುರುಡೆಯನ್ನು ನೋಡಿದಳು. ಅದು ಗೆರೆಯ ಕೆಳಗಿತ್ತು. ಒಂದು ಇಂಚು ಕೆಳಗೆ. ಅವಳ ಮಗಳಿಗಿಂತ ವರ್ನಾ ಸ್ಟಾಡರ್ಡ್ ಒಂದು ಇಂಚು ಕುಳ್ಳಿ.

"ಏನು ಹಾಗೆ ನೋಡ್ತಿದ್ದೀಯ?" ಎಂದಳು ವರ್ನಾ.

"ಅಂಚು," ಎಂದಳು ಬೊಜೆನಾ. "ಅಂಚು ಎಲ್ಲಿಗೆ ಬರತ್ತೆ ಅಂತ."

ಕಾರು ಹೋದ ಮೇಲೆ ಅವಳು ಹೊಲಿಗೆ ಯಂತ್ರದ ಮುಂದೆ ಗೌನು ಹರಡಿಕೊಂಡು ಕೂತಳು. ಮೊದಲು ತೋಚಿದ್ದು ಬೇರೆಯೇ. ಬೆನ್ನಿನ ಉದ್ದ ಹೊಲಿಗೆಯನ್ನು ಬಿಚ್ಚಿ, ಕಚ್ಚಾ ದಾರದಲ್ಲಿ ದೂರದೂರ ಟಾಕು ಹಾಕಿಬಿಟ್ಟರೆ ಸಾಕು. ಕಿರೀಟಕ್ಕೆಂದು ವೇದಿಕೆಯ ಮೇಲೆ ಮಂಡಿ ಬಾಗಿಸುವಾಗ ಎಂಟುನೂರು ಜನರ ಎದುರು ಕುತ್ತಿಗೆಯಿಂದ ಸೊಂಟದವರೆಗೆ ಬಾಯಿಬಿಡುತ್ತದೆ. ನಾಲ್ಕು ಬೆರಳಗಲ ಹೊಲಿಗೆಯನ್ನು ಬಿಚ್ಚಿಯೂ ಬಿಟ್ಟಳು. ಆಮೇಲೆ ಕೈ ನಿಂತಿತು. ಹರಿದರೆ ಜನ 'ಪಾಪ' ಎನ್ನುತ್ತಾರೆ. 'ಯಾರು ಹೊಲಿದದ್ದು?' ಎಂದು ಕೇಳುತ್ತಾರೆ. ಅವಳಿಗೆ ಯಾರ ಬಾಯಲ್ಲೂ 'ಪಾಪ' ಬರುವುದು ಬೇಕಿರಲಿಲ್ಲ. ಬಿಚ್ಚಿದ್ದನ್ನು ಒತ್ತಾದ ಹೊಲಿಗೆಯಲ್ಲಿ ಮತ್ತೆ ಕೂಡಿಸಿದಳು. ಹಾಗೆ ಹೊಲಿಯುತ್ತಲೇ ಲೆಕ್ಕ ಹಾಕಿದಳು. ಐದಡಿ ಮೂರೂವರೆ ಇಂಚು. ನೂರು, ಹದಿನೈದು, ಎರಡೂವರೆ. ಎಷ್ಟೋ ತಿಂಗಳ ಮೇಲೆ ಅಂದು ಅವಳಿಗೆ ಹೊಟ್ಟೆ ತುಂಬ ಊಟ ಸೇರಿತು.

ಗುರುವಾರ ಸಂಜೆ ಏಳಕ್ಕೆ ಸಂಘದ ಜಿಲ್ಲಾ ಕಚೇರಿಯಿಂದ ಮಿಸ್ ಕ್ರೋಗ್ ಬಂದಳು. ಒಣಕಲು ಮೈಯ, ಕಟ್ಟುನಿಟ್ಟಿನ ಹೆಂಗಸು. ಕಿರೀಟಕ್ಕೆ ಮುಂಚೆ ದಾಖಲೆ ನೋಡಿ ಸಹಿ ಹಾಕುವುದು ಅವಳ ಕೆಲಸ. ನೆಲಮಾಳಿಗೆಯಲ್ಲಿ ಮೂವತ್ತು ಜನ ಸೇರಿದ್ದರು. ವರ್ನಾ ಬೂಟು ತೊಟ್ಟೇ ತೂಕದ ಯಂತ್ರ ಏರಿದಳು. ಅದು ಯಾವಾಗಲೂ ಅವಳು ತೋರಿಸುವ ಧಾರಾಳ: "ಬೂಟಿನ ತೂಕವೂ ನನ್ನ ಲೆಕ್ಕಕ್ಕೇ ಇರಲಿ." ಮುಳ್ಳು ನೂರಾ ಇಪ್ಪತ್ತೊಂಬತ್ತಕ್ಕೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ನನ್ನನ್ನ ಗಂಡಸರ ಪಟ್ಟಿಗೆ ಹಾಕ್ಬಿಡಿ ವರ್ನಾ," ಎಂದಳು ಮುಂದಿನ ಸಾಲಿನ ಪೆಗ್ ಡೂಲಿ. ದಪ್ಪ ತೋಳಿನ, ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸು. "ಮೀಸೆ ಹೇಗೂ ಬರ್ತಾ ಇದೆ. ಹದಿನಾಲ್ಕು ಪೌಂಡು ಉಳಿಯತ್ತೆ." ಎಲ್ಲರೂ ಗೊಳ್ಳೆಂದರು.

ನಗು ನಿಂತ ಮೇಲೆ ಹಿಂದಿನ ಸಾಲಿನಲ್ಲಿ ಬೊಜೆನಾ ಎದ್ದು ನಿಂತಳು.

"ಮಿಸ್ ಕ್ರೋಗ್ ಅವರೇ, ನನ್ನ ಮಗಳ ಎತ್ತರ ತಪ್ಪಾಗಿ ಬರೆದಿದ್ದಾರೆ. ಅರ್ಧ ಇಂಚು ಬಿಟ್ಟಿದ್ದಾರೆ. ಅದನ್ನ ಸರಿ ಮಾಡ್ಬೇಕು."

"ಅಯ್ಯೋ ಬೊಜೆನಾ," ಎಂದಳು ವರ್ನಾ. "ಆ ಹುಡುಗಿ ಸಂಘ ಬಿಟ್ಟು ನಾಲ್ಕು ತಿಂಗಳಾಯ್ತಲ್ಲ."

"ಪುಸ್ತಕದಲ್ಲಿ ಹೆಸರು ಇದೆಯಲ್ಲ. ಸರಿಯಾಗಿರಲಿ."

ಮಿಸ್ ಕ್ರೋಗ್ ಕನ್ನಡಕ ಏರಿಸಿಕೊಂಡು ಪುಸ್ತಕ ತಿರುವಿದಳು. "ಎತ್ತರ ಅಳೆಯುವಾಗ ಇಬ್ಬರು ಸಾಕ್ಷಿ ಸಹಿ ಹಾಕಬೇಕು. ಹ್ರುಷ್ಕಾ ಟೆರೆಜಾ... ಎರಡೂ ಸಹಿ ಇವೆ."

"ಎಲ್ಲರದ್ದೂ ಇದೆಯಾ ನೋಡಿ," ಎಂದಳು ಬೊಜೆನಾ. "ಮಿಸೆಸ್ ಸ್ಟಾಡರ್ಡ್ ಅವರದ್ದೂ."

ಹಾಳೆಗಳು ಹಿಂದಕ್ಕೆ ಸರಿದವು. ಮಿಸ್ ಕ್ರೋಗ್‌ಳ ಬೆರಳು ಮೊದಲ ಪುಟದಲ್ಲಿ ನಿಂತಿತು. "ಇದರಲ್ಲಿ ಸಾಕ್ಷಿ ಸಹಿ ಇಲ್ಲವಲ್ಲ, ಮಿಸೆಸ್ ಸ್ಟಾಡರ್ಡ್."

"ಶಾಖೆಯ ಮೊದಲನೇ ದಿನ ಅದು. ನಾನೊಬ್ಬಳೇ ಇದ್ದೆ. ಸಾಕ್ಷಿ ಎಲ್ಲಿಂದ ತರಲಿ?"

"ಈಗ ಮೂವತ್ತು ಜನ ಇದ್ದಾರೆ. ಒಂದು ನಿಮಿಷದ ಕೆಲಸ. ಸಹಿ ಇಲ್ಲದೆ ನಾನು ಮೇಲಕ್ಕೆ ಕಳಿಸೋ ಹಾಗಿಲ್ಲ. ಬೂಟು ತೆಗೀರಿ."

ವರ್ನಾ ಅಲ್ಲಾಡಲಿಲ್ಲ. "ನೆಲ ಮಂಜುಗಡ್ಡೆ ಆಗಿದೆ. ಸ್ಟಾಕಿಂಗ್ ಹೊಸದು, ಹಾಳಾಗತ್ತೆ."

"ನಮ್ಮ ಸ್ಟಾಕಿಂಗೇನು ತಗಡಿನದ್ದಾ?" ಎಂದಳು ಪೆಗ್. ಅವಳು ತಮಾಷೆಗೇ ಅಂದಿದ್ದಳು. ಆದರೆ ವರ್ನಾಳ ಮುಖ ನೋಡಿದವಳೇ ನಗು ನಿಲ್ಲಿಸಿದಳು. ಪಕ್ಕದವಳನ್ನು ಮೊಣಕೈಯಿಂದ ತಿವಿದಳು.

ಬೊಜೆನಾ ಮುಂದೆ ಬಂದು ಮಂಡಿಯೂರಿದಳು. ದಿನಾ ಗಿರಾಕಿಗಳ ಮುಂದೆ ಊರುವ ಹಾಗೆಯೇ. "ಕಾಲು ಕೊಡಿ," ಎಂದಳು. ಒಂದು ಬೂಟು ಕಳಚಿದಳು, ಇನ್ನೊಂದನ್ನೂ ಕಳಚಿ ಎರಡನ್ನೂ ಜೋಡಿಸಿ ಪಕ್ಕಕ್ಕಿಟ್ಟಳು. ವರ್ನಾ ಸಲಾಕೆಗೆ ಬೆನ್ನು ಕೊಟ್ಟು ನಿಂತಾಗ ಹಿಂದಿನ ಸಾಲಿನವರಿಗೆ ಅವಳು ಕಾಣಲಿಲ್ಲ. ಕತ್ತು ಚಾಚಿ ನೋಡಬೇಕಾಯಿತು. ಬೊಜೆನಾ ಅಡ್ಡಪಟ್ಟಿಯನ್ನು ಕೆಳಗಿಳಿಸಿದಳು. ಅದು ಕೂದಲಿಗೆ ತಾಗಿ ನಿಂತಿತು. ಅವಳು ಅಂಗೈಯಿಟ್ಟು ನಿಧಾನವಾಗಿ ಒತ್ತಿದಳು. ಸ್ಪ್ರೇ ಹಿಡಿದ ಕೂದಲು ಚರಚರ ಮುರಿಯುವ ಸದ್ದು ಕೋಣೆಯಲ್ಲೆಲ್ಲ ಕೇಳಿಸಿತು.

"ಐದಡಿ ಮೂರೂವರೆ," ಎಂದಳು. "ಅರ್ಧವನ್ನೂ ಬರ್ಕೊಳ್ಳಿ ಮಿಸ್ ಕ್ರೋಗ್. ಅವರದ್ದು ಅವರಿಗೆ ಸಿಗಲಿ."

ಮಿಸ್ ಕ್ರೋಗ್ ತಾನೇ ಬಂದು ನೋಡಿದಳು. ವಾಪಸು ಹೋಗಿ ಕಾಗದದ ಅಂಚಿನಲ್ಲಿ ಲೆಕ್ಕ ಮಾಡಿದಳು. "ನೂರಾ ಹದಿನೇಳೂವರೆ ಇರಬೇಕು. ಬೂಟಿನ ಒಂದು ಪೌಂಡು ಬಿಟ್ಟರೂ ಹತ್ತೂವರೆ ಹೆಚ್ಚಿದೆ." ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಇದನ್ನ ನಾನು ಕಚೇರಿಗೆ ಬರೀಬೇಕಾಗತ್ತೆ. ಇವತ್ತಿಗೆ ಸಭೆ ಮುಗಿಸೋಣ."

"ಮುಗಿದಿಲ್ಲ," ಎಂದಳು ಬೊಜೆನಾ. ಅವಳು ಮೂಲೆಗೆ ನಡೆದು ಬಿಳಿ ಬೇಲಿಯ ಪುಟ್ಟ ಬಾಗಿಲು ತೆರೆದಳು. "ನಿಯಮ ಅಂದ್ರೆ ಎಲ್ಲರಿಗೂ ನಿಯಮ ಅಂತ ಇವರೇ ಹೇಳ್ತಿದ್ರು."

"ಮಿಸೆಸ್ ಹ್ರುಷ್ಕಾ, ಇದೆಲ್ಲ ಬೇಡ—" ಎಂದಳು ಮಿಸ್ ಕ್ರೋಗ್.

"ನನ್ನ ಮಗಳು ಎಂಟು ವಾರ ಇಲ್ಲಿ ಕೂತಿದ್ದಳು. ಬೇಡ ಅಂತ ಆಗ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ."

ಯಾರೂ ವರ್ನಾಳ ಪರವಾಗಿ ಬಾಯಿ ತೆರೆಯಲಿಲ್ಲ. ಆ ಬೇಲಿಯೊಳಗೆ ಒಮ್ಮೆಯೂ ಕೂರದವರು ಆ ಮೂವತ್ತು ಜನರಲ್ಲಿ ಮೂರೋ ನಾಲ್ಕೋ ಇದ್ದರು ಅಷ್ಟೆ. ವರ್ನಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ತಲೆ ಎತ್ತಿಕೊಂಡು, ಸ್ಟಾಕಿಂಗ್ ಹಾಕಿದ ಪಾದಗಳಲ್ಲಿ ತಣ್ಣನೆಯ ಸಿಮೆಂಟಿನ ಮೇಲೆ ನಡೆದು ಹೋಗಿ ನಡುವಿನ ಕುರ್ಚಿಯಲ್ಲಿ ಕೂತಳು.

ಬೊಜೆನಾ ರಟ್ಟಿನ ಮೂತಿಯನ್ನು ಅವಳ ಮೂಗಿನ ಮೇಲಿಟ್ಟು ಲಾಡಿಗಳನ್ನು ತಲೆಯ ಹಿಂದಕ್ಕೆ ತಂದಳು. ಕಿವಿ ಅಷ್ಟು ಹತ್ತಿರ ಬಂದಾಗ ವರ್ನಾ ತಗ್ಗಿದ ದನಿಯಲ್ಲಿ, ಬರೀ ಅವಳಿಗೆ ಕೇಳುವಂತೆ ಹೇಳಿದಳು:

"ಇನ್ನೂರಾ ಹತ್ತು ಇದ್ದೆ ನಾನು. ಎಂಬತ್ತೆರಡು ಇಳಿಸಿದೆ. ಅಲ್ಲಿಂದ ಕೆಳಗೆ ಇಳೀಲೇ ಇಲ್ಲ ಕಣೇ. ಒಂದು ವರ್ಷ ಬರೀ ಎಲೆ ತಿಂದೆ. ಕೂದಲು ಉದುರ್ತು. ಒಂದು ಪೌಂಡೂ ಇಳೀಲಿಲ್ಲ."

ಬೊಜೆನಾ ಒಂದು ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು ಹಾಕಿದಳು. ಬಿಚ್ಚಬೇಕಾದರೆ ಕತ್ತರಿಯೇ ಬೇಕಾಗುವಂಥ ಗಂಟು.

"ಬಿಗಿ ಸರಿಯಾಗಿದೆಯಾ?" ಎಂದು ಕೇಳಿದಳು.

ಹಾಡನ್ನು ಯಾರು ಎತ್ತಿಕೊಳ್ಳಬೇಕೆಂದು ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಯಾವಾಗಲೂ ಎತ್ತಿಕೊಳ್ಳುತ್ತಿದ್ದವಳು ಒಳಗೆ ಕೂತಿದ್ದಳು. ಬೊಜೆನಾಳೇ ಶುರು ಮಾಡಿದಳು. "ಬಂತು ಬಂತು ಹಂದಿ ಬಂತು, ತಟ್ಟೆ ತೊಳೆದ ಹಾಗೆ ತಿಂದು..." ಅವಳ ದನಿ ಒರಟು, ಶ್ರುತಿ ಇಲ್ಲದ್ದು. ಎರಡನೇ ಸಾಲಿಗೆ ಪೆಗ್ ಕೂಡಿಕೊಂಡಳು. ಮೂರನೆಯದಕ್ಕೆ ಎಲ್ಲರೂ ಎದ್ದು ನಿಂತು ಹಾಡುತ್ತಿದ್ದರು. ಮಿಸ್ ಕ್ರೋಗ್ ಕೋಟು ತೋಳಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದಳು. ಬೊಜೆನಾ ಐದೂ ನುಡಿಗಳನ್ನು ಕೊನೆಯವರೆಗೆ, ವರ್ನಾಳ ಕಣ್ಣುಗಳನ್ನೇ ನೋಡುತ್ತ ಹಾಡಿದಳು. ಅಷ್ಟೂ ಹೊತ್ತು ಅವಳ ಎದೆ ಹಗುರವಾಗಿತ್ತು.

ಮನೆ ತಲುಪಿದಾಗ ಎಂಟೂವರೆ. ಗಂಡ ಕಾರ್ಖಾನೆಯ ಎರಡನೇ ಪಾಳಿಗೆ ಹೋಗಿದ್ದ. ಟೆರೆಜಾ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಿದ್ದಳು. ಬೊಜೆನಾ ಕೋಟನ್ನೂ ಬಿಚ್ಚದೆ ಎದುರಿಗೆ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಕೂದಲು ಮುರಿದ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದಳು. ಮಗಳು ಪುಸ್ತಕದಿಂದ ತಲೆ ಎತ್ತಿ ಕೇಳಿಸಿಕೊಂಡಳು. ನಗುತ್ತಾಳೆ, ಈಗ ನಗುತ್ತಾಳೆ ಎಂದು ಬೊಜೆನಾ ಕಾದಳು.

"ಎಲ್ಲರೂ ಹಾಡಿದ್ರಾ?" ಎಂದಳು ಟೆರೆಜಾ.

"ಎಲ್ಲರೂ. ಪೆಗ್ ಅಂತೂ ಗಂಟಲು ಹರ್ಕೊಂಡು."

"ನೀನು?"

"ನಾನೇ ಕಣೇ ಶುರು ಮಾಡಿದ್ದು!"

ಟೆರೆಜಾ ಪೆನ್ಸಿಲನ್ನು ಪುಸ್ತಕದ ನಡುವೆ ಇಟ್ಟಳು. "ಯಾವ ಕುರ್ಚೀಲಿ ಕೂತಿದ್ರು?"

"ಅದ್ಯಾಕೆ? ನಡುವಿಂದು."

"ಅದರ ಕಾಲು ಒಂದು ಗಿಡ್ಡ. ಸುಮ್ನೆ ಕೂತ್ರೆ ವಾಲತ್ತೆ, ಟಕ್ ಅಂತ ಸದ್ದು ಬರತ್ತೆ. ಸದ್ದು ಬಂದ್ರೆ ಇನ್ನೂ ನಗ್ತಾರೆ. ಅದಕ್ಕೆ ಎಡಗಾಲನ್ನ ನೆಲಕ್ಕೆ ಒತ್ತಿ ಹಿಡ್ಕೋಬೇಕು, ಹಾಡು ಮುಗಿಯೋ ತನಕ." ಅವಳು ತಾಯಿಯನ್ನು ನೋಡಿದಳು. "ಅವರಿಗೆ ಅದನ್ನ ಯಾರಾದ್ರೂ ಹೇಳಿದ್ರಾ?"

ಬೊಜೆನಾ ಬಾಯಿ ತೆರೆದಳು. "ಇಲ್ಲ," ಎಂದಳು.

"ಹೂಂ," ಎಂದಳು ಟೆರೆಜಾ. ಪುಸ್ತಕಗಳನ್ನು ಎತ್ತಿಕೊಂಡು, ಅಮ್ಮನ ಭುಜವನ್ನು ಒಮ್ಮೆ ಮುಟ್ಟಿ, ತನ್ನ ಕೋಣೆಗೆ ಹೋದಳು.

ಬೊಜೆನಾ ಇನ್ನೂ ಕೋಟಿನಲ್ಲೇ ಕೂತಿದ್ದಳು. ಸ್ಟವ್ ಮೇಲೆ ಮಗಳು ಅವಳಿಗೆಂದು ಇಟ್ಟಿದ್ದ ಸೂಪು ಕುದಿದು ಕುದಿದು ತಳ ಕಾಣುತ್ತಿತ್ತು. ಎದ್ದು ಉರಿ ಆರಿಸಬೇಕಿತ್ತು. ಕುರ್ಚಿ ಗಟ್ಟಿಯಾಗಿತ್ತು, ನೆಲ ಸಮವಾಗಿತ್ತು. ಅವಳ ಎಡಗಾಲು ನೆಲವನ್ನು ಒತ್ತಿ ಹಿಡಿದಿತ್ತು.